ಎಂಟನೆಯ ಅಕ್ಷರ

ಕ್ಲಾಕ್ಸ್‌ವೀಕ್ ಬಂದರಿನ ಮೀನು ಕಚೇರಿ, ಅದರ ಮಾಳಿಗೆ.
ಕೆಳಗೆ ಐಸು ಒಡೆಯುವ ಸದ್ದು.
ಮೇಲೆ ಸೋಲ್ರುನ್, ಒಂದು ಲ್ಯಾಪ್‌ಟಾಪು,
ಕೆನೆಗಟ್ಟಿದ ಕಾಫಿ.
ಫ್ಯಾನು ಏದುಸಿರು ಬಿಡುತ್ತಿದೆ, ಪಾಪ,
ಒಂದೇ ಹೊಟ್ಟೆಯಲ್ಲಿ ಮೂರು ಯಂತ್ರಗಳ ಬಸಿರು.

ಮೊದಲನೆಯದು ಮುದಿ ವಿಂಡೋಸ್,
ತಕ್ಕಡಿಯ ಪಕ್ಕ ಉಪ್ಪು ತಿಂದು ಕೂತಿರುವ
ಕಂಪ್ಯೂಟರಿನ ತದ್ರೂಪು.
ಅದರ ಗಡಿಯಾರದಲ್ಲಿ ಎಂದೋ ಮುಗಿದ ಒಂದು ಗುರುವಾರ
ಇನ್ನೂ ನಡುಮಧ್ಯಾಹ್ನ.
ಎರಡನೆಯದು ಲಿನಕ್ಸ್, ದೋಣಿಯಲ್ಲಿರುವಂಥದು:
ಕಪ್ಪು ಪರದೆ, ಮಿಟುಕುವ ಗೆರೆ,
ಕೇಳಿದರೆ ಉತ್ತರ, ಕೇಳದಿದ್ದರೆ ಮೌನ.
ಮೂರನೆಯದು ಹಳೆಯ ಮ್ಯಾಕ್,
ಲೆಕ್ಕದ ಆರ್ಮ್‌ಗಾರ್ ಮೇಜಿನ ಮೇಲೆ ಒರೆಸಿ ಒರೆಸಿ ಇಟ್ಟಿರುವಂಥದು.

ತಾನು ಡಬ್ಬಿಯೊಳಗಿದ್ದೇನೆಂದು ಒಂದಕ್ಕೂ ಗೊತ್ತಿಲ್ಲ.
ಅಳೆದು ಹಾಕಿದ ಮೆಮೊರಿಯೇ ಕಡಲು,
ಇಲ್ಲದ ಡಿಸ್ಕೇ ದಡ.
ಪಕ್ಕದಲ್ಲೇ ಇನ್ನಿಬ್ಬರು ಉಸಿರಾಡುತ್ತಿದ್ದಾರೆಂದರೆ
ಯಾವುದೂ ನಂಬಲಾರದು.

ಕೆಡಿಸಲು ಅವಳಿಗೆ ಭಯವಿಲ್ಲ.
ಕೆಡಿಸುವ ಮೊದಲು ಒಂದು ಸ್ನ್ಯಾಪ್‌ಶಾಟ್ ಹಿಡಿದಿಟ್ಟಿದ್ದಾಳೆ.
ಗುಂಡಿ ಒತ್ತಿದರೆ ಮತ್ತೆ ಬೆಳಿಗ್ಗೆ,
ಬಿದ್ದದ್ದೂ ನೆನಪಿಲ್ಲ, ಬೈಸಿಕೊಂಡದ್ದೂ ನೆನಪಿಲ್ಲ.
ಸಂಜೆಯಿಂದ ಹದಿನಾಲ್ಕು ಸಲ ಕೊಂದಳು,
ಹದಿನಾಲ್ಕು ಸಲ ಎಬ್ಬಿಸಿ ಕೂರಿಸಿದಳು.

ಆದರೆ ಕಳೆದ ಸೋಮವಾರ
ಕಟ್ಟೆಯ ಮೇಲೆ, ಎಲ್ಲರೆದುರು,
‘ನನ್ನ ಪಾಲು ಯಾಕೆ ಸೊನ್ನೆ?’ ಎಂದು ತ್ರೋಂದುರ್ ಕೇಳಿದಾಗ
‘ನೀನೇ ಏನೋ ತಪ್ಪು ಒತ್ತಿರುತ್ತೀಯ’ ಅಂದಿದ್ದಳು.
ಅವನು ಕೈಗವಸು ಕಳಚಿ ಬೆರಳು ನೋಡಿಕೊಂಡಿದ್ದ.
ಒಡೆದ ಮುತ್ತು, ಆಡಿದ ಮಾತು.
ಆ ಸೋಮವಾರಕ್ಕೆ ಸ್ನ್ಯಾಪ್‌ಶಾಟ್ ಇಲ್ಲ.

ವಿಂಡೋಸಿನಲ್ಲಿ ಅವನ ಪಾಲು ಸರಿ.
ಮ್ಯಾಕಿನಲ್ಲಿ ಸರಿ.
ಮ್ಯಾಕಿನಿಂದ ದೋಣಿಗೆ ಹೋದರೆ ಅವನೇ ಇಲ್ಲ.
ಹೆಸರಿಗೊಂದು ಫೈಲು; ಫೈಲು ಕಣ್ಣೆದುರೇ ಇದೆ;
ತೆರೆಯೆಂದರೆ ‘ಇಲ್ಲ’ ಅನ್ನುತ್ತದೆ ಲಿನಕ್ಸ್,
ಗುರುತಿದ್ದೂ ಗುರುತಿಲ್ಲದ ನೆಂಟನ ಹಾಗೆ.

ರಾತ್ರಿ ಎರಡು ಗಂಟೆಗೆ, ಬೇರೇನೂ ತೋಚದೆ,
ಮಕ್ಕಳಂತೆ ಬೆರಳು ಮಡಚಿ ಅಕ್ಷರ ಎಣಿಸಿದಳು.
ಇಲ್ಲಿ ಏಳು.
ಅಲ್ಲಿ ಎಂಟು.
ಇನ್ನೊಮ್ಮೆ ಎಣಿಸಿದಳು.
ಎಂಟು.

ಅವರ ಲಿಪಿಯಲ್ಲಿ ಆ ‘ಓ’ ತಲೆಯ ಮೇಲೊಂದು ಗೀರು.
ಒಂದು ಯಂತ್ರಕ್ಕೆ ಗೀರೂ ಅಕ್ಷರವೂ ಒಂದೇ ಜೀವ;
ಇನ್ನೊಂದು ಗೀರನ್ನು ಬಿಡಿಸಿ, ಪಕ್ಕಕ್ಕಿಟ್ಟು,
ತೋರಿಸುವಾಗ ಮಾತ್ರ ಟೋಪಿಯಂತೆ ತೊಡಿಸುತ್ತದೆ.
ಕೊಂಬು, ಏತ್ವ, ಇಳಿ, ವಟ್ರುಸುಳಿ ಎಂದು
ಸ್ಲೇಟಿನ ಮೇಲೆ ತಿದ್ದಿ ಬೆಳೆದ ನನಗೆ
ಇದರಲ್ಲೇನೂ ಅಚ್ಚರಿಯಿಲ್ಲ.
ಸೋಲ್ರುನ್ ಮಾತ್ರ ಬಿದ್ದು ಬಿದ್ದು ನಕ್ಕಳು,
ಖಾಲಿ ಮಾಳಿಗೆಯಲ್ಲಿ, ಒಬ್ಬಳೇ.
ಎರಡು ವಾರ ಒಬ್ಬ ಗಂಡಸಿನ ಸಂಬಳ
ಅಷ್ಟು ಸಣ್ಣ ಗೀರಿಗೆ ಸಿಕ್ಕಿ ನೇತಾಡುತ್ತಿತ್ತು.

ಎರಡು ಸಾಲು ತಿದ್ದಿದಳು.
ಮೂರನ್ನೂ ಹಿಂದಕ್ಕೆ ತಿರುಗಿಸಿ, ಮೊದಲಿನಿಂದ ಓಡಿಸಿದಳು.
ವಿಂಡೋಸ್ ಸರಿ. ಮ್ಯಾಕ್ ಸರಿ.
ಲಿನಕ್ಸ್ ಕೊಂಚ ತಡೆದು,
ಏನೂ ಹೇಳದೆ, ಮೊತ್ತ ತೋರಿಸಿತು.

ಬೆಳಿಗ್ಗೆ ಇಳಿದು ಕಟ್ಟೆಗೆ ಹೋದಳು.
ಎಲ್ಲರೂ ಇದ್ದರು. ಇರಲೆಂದೇ ಆ ಹೊತ್ತು.
‘ತಪ್ಪು ನನ್ನದು, ನಿನ್ನ ಬೆರಳಿನದಲ್ಲ’ ಎಂದು
ಮೀನಿನ ಪೆಟ್ಟಿಗೆಯ ಮೇಲಿನ ಹಿಮದಲ್ಲಿ
ಅವನ ಹೆಸರು ಬರೆದು, ಗೀರು ಬೇರೆ ಬರೆದು, ತೋರಿಸಿದಳು.
ತ್ರೋಂದುರ್ ಬಗ್ಗಿ ಬಹಳ ಹೊತ್ತು ನೋಡಿದ.
‘ಹಾಗಾದರೆ ನಾನು ಎಂಟು ಅಕ್ಷರದವನು’ ಅಂದ.
‘ಎಂಟನೆಯವನ ಪಾಲೂ ಸೇರಿಸಿ ಕೊಡು.
ಎರಡು ವಾರ ಅವನೂ ಹಸಿದಿದ್ದಾನೆ.’

ಮಾಳಿಗೆಯಲ್ಲಿ ಮುದಿ ವಿಂಡೋಸ್
ಇನ್ನೂ ತೆರೆದೇ ಇತ್ತು.
ಗುರುವಾರ, ಮಧ್ಯಾಹ್ನ ಹನ್ನೆರಡೂ ನಲವತ್ತು.
ಊಟದ ಹೊತ್ತು.